ತಪ್ಪು ಎಲ್ಲಿ ಸಿಕ್ಕಿಬೀಳುತ್ತೆ? ನಾಲ್ಕು ಟೂರಿಸ್ಟ್ ವೀಸಾ ಮಾಡಿಸಿ ನೋಡಿದ ಹೋಲಿಕೆ

ನಮ್ಮ ಬೀದಿಯ ಫೋಟೋ ಸ್ಟುಡಿಯೋದವರು ನನ್ನನ್ನು ಕಂಡ ಕೂಡಲೇ "ಈ ಸಲ ಯಾವ ದೇಶ ಸಾರ್?" ಅನ್ನುತ್ತಾರೆ. ದೇಶದ ಹೆಸರು ಹೇಳಿದರೆ ಸಾಕು, ಅಳತೆ ಅವರಿಗೆ ಬಾಯಿಪಾಠ. ಥಾಯ್ಲೆಂಡ್‌ಗೆ 4×6 ಸೆಂಟಿಮೀಟರ್. ಸಿಂಗಾಪುರಕ್ಕೂ ಯುರೋಪಿಗೂ 35×45 ಮಿಲಿಮೀಟರ್, ಆದರೆ ಸಿಂಗಾಪುರಕ್ಕೆ ಹೊಳಪಿಲ್ಲದ ಮ್ಯಾಟ್ ಕಾಗದ. ಅಮೆರಿಕಕ್ಕೆ ಎರಡಿಂಚಿನ ಚೌಕ. ಹೋದ ವರ್ಷ ಅಮ್ಮನನ್ನು ಕೂರಿಸಿ, "ಅಮ್ಮ, ಕನ್ನಡಕ ತೆಗೀರಿ, ನಗಬೇಡಿ, ನಕ್ಕರೆ ವೀಸಾ ಕೊಡಲ್ಲ" ಅಂದರು. ಅದಕ್ಕೇ ಅವಳು ಇನ್ನೂ ಜಾಸ್ತಿ ನಕ್ಕಳು.

2017ರಿಂದ 2025ರವರೆಗೆ ನಾವು ನಾಲ್ಕು ಸಲ ಹೊರದೇಶಕ್ಕೆ ಹೋಗಿ ಬಂದಿದ್ದೇವೆ. ಯಾವುದೂ ಹತ್ತು ದಿನ ಮೀರಿದ್ದಲ್ಲ. ತಮಾಷೆ ಎಂದರೆ ನಾಲ್ಕಕ್ಕೂ ವೀಸಾ ಸಿಕ್ಕ ದಾರಿ ಬೇರೆ ಬೇರೆ. ಥಾಯ್ಲೆಂಡ್‌ನಲ್ಲಿ ಇಳಿದ ಮೇಲೆ. ಸಿಂಗಾಪುರಕ್ಕೆ ಏಜೆಂಟರ ಮೂಲಕ. ವಿಯೆಟ್ನಾಂಗೆ ಮನೆಯ ಡೈನಿಂಗ್ ಟೇಬಲ್ ಮೇಲೆ ಕೂತು. ಫ್ರಾನ್ಸಿಗೆ ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟನ್ನೇ ಒಪ್ಪಿಸಿ. ಆಫೀಸಿನಲ್ಲಿ ಯಾರಾದರೂ "ಯಾವುದು ಸುಲಭ?" ಅಂತ ಕೇಳಿದರೆ ಮೊದಲೆಲ್ಲ ಶುಲ್ಕ ನೋಡಿ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ನಾಲ್ಕು ಸಲವೂ ನಾನು ಒಂದೊಂದು ತಪ್ಪು ಮಾಡಿದ್ದೇನೆ. ಆ ತಪ್ಪು ಎಲ್ಲಿ, ಯಾರ ಕೈಗೆ ಸಿಕ್ಕಿಬಿತ್ತು ಅನ್ನುವುದರ ಮೇಲೆ ತಲೆನೋವು ನಿಂತಿತ್ತು.

ದುಡ್ಡಿನ ಲೆಕ್ಕ ಮೊದಲು ಮುಗಿಸಿಬಿಡೋಣ. 2017ರಲ್ಲಿ ಥಾಯ್ಲೆಂಡ್‌ನ ವೀಸಾ ಆನ್ ಅರೈವಲ್‌ಗೆ ತಲೆಗೆ 2000 ಬಾತ್, ಆಗಿನ ಲೆಕ್ಕದಲ್ಲಿ ನಾಲ್ಕು ಸಾವಿರದ ಹತ್ತಿರ. 2023ರಲ್ಲಿ ಸಿಂಗಾಪುರದ ಶುಲ್ಕ 30 ಸಿಂಗಾಪುರ ಡಾಲರ್, ಏಜೆಂಟರ ಚಾರ್ಜ್ ಸೇರಿ ಮೂರು ಸಾವಿರದೊಳಗೆ ಆಯಿತು. 2024ರಲ್ಲಿ ವಿಯೆಟ್ನಾಂಗೆ 25 ಡಾಲರ್, ಅಂದರೆ ಎರಡು ಸಾವಿರದ ನೂರರ ಸುಮಾರು. ಅದು ಒಂದೇ ಸಲ ಒಳಗೆ ಹೋಗುವ ವೀಸಾ. ಹೋಗಿ ಬಂದು ಮತ್ತೆ ಹೋಗುವಂಥದ್ದಕ್ಕೆ 50. ಇನ್ನು ಫ್ರಾನ್ಸಿಗೆ ಬೇಕಾದ್ದು ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ, ಅದು 2024ರ ಜೂನ್‌ನಲ್ಲಿ 80 ಯೂರೋದಿಂದ 90ಕ್ಕೆ ಏರಿತು. ವೀಸಾ ಕೇಂದ್ರದ ಸರ್ವಿಸ್ ಚಾರ್ಜ್, ಇನ್ಶೂರೆನ್ಸ್, ಕೊರಿಯರ್ ಎಲ್ಲ ಕೂಡಿಸಿದರೆ ನಮಗೆ ತಲೆಗೆ ಹನ್ನೆರಡು ಸಾವಿರ ದಾಟಿತು. ಸಿಂಗಾಪುರ, ವಿಯೆಟ್ನಾಂ, ಷೆಂಗೆನ್ ಮೂರರಲ್ಲೂ ವೀಸಾ ಸಿಗದಿದ್ದರೆ ಶುಲ್ಕ ವಾಪಸ್ ಇಲ್ಲ.

ಥಾಯ್ಲೆಂಡ್‌ದು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಆ ಕಥೆ ಈಗ ಹಳೆಯದು. ಅರ್ಜಿ, ಫೋಟೋ, ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ತಲೆಗೆ 10,000 ಬಾತ್ ಇದೆ ಅಂತ ತೋರಿಸುವಷ್ಟು ದುಡ್ಡು. ಇಷ್ಟಿದ್ದರೆ 15 ದಿನದ ಮುದ್ರೆ. ನಾನು ಪಾಸ್‌ಪೋರ್ಟ್ ಅಳತೆಯ ಫೋಟೋ ಒಯ್ದಿದ್ದೆ. ಜೇಬಿನಲ್ಲಿ ಇದ್ದದ್ದು ಡಾಲರ್, ಕೇಳಿದ್ದು ಬಾತ್. ರಾತ್ರಿಯಿಡೀ ನಿದ್ದೆಗೆಟ್ಟು ಇಳಿದು, ಹೆಂಡತಿಯನ್ನು ಸಾಲಿನಲ್ಲಿ ನಿಲ್ಲಿಸಿ, ಫೋಟೋಗೂ ದುಡ್ಡಿಗೂ ಓಡಾಡಿದೆ. ಅಂದರೆ ತಪ್ಪು ಸಿಕ್ಕಿದ್ದು ಇಳಿದ ಮೇಲೆ. ಅದು ಅಲ್ಲೇ ಸರಿಯಾಗುವಂಥದ್ದಾಗಿತ್ತು, ಬಚಾವಾದೆ. 2023ರ ನವೆಂಬರ್‌ನಿಂದ ಭಾರತೀಯರಿಗೆ ವೀಸಾ ಬೇಡ ಅಂದರು, ಮೊದಲು 30 ದಿನ. 2024ರ ಜುಲೈಯಲ್ಲಿ ಅದನ್ನು 60ಕ್ಕೆ ಏರಿಸಿದರು. 2025ರ ಮೇ 1ರಿಂದ, ಅಲ್ಲಿ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ಅದು ಪುಕ್ಕಟೆ. ಇಂಥ ವಿನಾಯಿತಿ ಇವತ್ತು ಇರುತ್ತೆ, ನಾಳೆ ಬದಲಾಗುತ್ತೆ. ಟಿಕೆಟ್ ಮಾಡಿಸುವ ದಿನ ಆ ದೇಶದ ಸರ್ಕಾರಿ ಸೈಟನ್ನೇ ತೆಗೆದು ನೋಡಿ.

ಏಜೆಂಟರ ಬಗ್ಗೆ ನನಗೆ ಹಳೆಯ ಅನುಮಾನ. ಫಾರ್ಮ್ ತುಂಬೋಕೆ ಬರುತ್ತೆ, ದುಡ್ಡು ಯಾಕೆ ಕೊಡಬೇಕು ಅಂತ. ಆದರೆ ಸಿಂಗಾಪುರಕ್ಕೆ ನಮ್ಮವರು ಸುಮ್ನೆ ಸೈಟಿಗೆ ಹೋಗಿ ಅರ್ಜಿ ಹಾಕೋಕೆ ಆಗುವುದಿಲ್ಲ. ಅಲ್ಲಿ ಗುರುತಿನವರು ಇದ್ದರೆ ಅವರು ಹಾಕಬಹುದು, ಇಲ್ಲದಿದ್ದರೆ ಅಲ್ಲಿನ ಸರ್ಕಾರ ಒಪ್ಪಿದ ಏಜೆಂಟರ ಹತ್ತಿರ ಹೋಗಬೇಕು. ಕನ್ನಿಂಗ್‌ಹ್ಯಾಮ್ ರಸ್ತೆ ಕಡೆ ಒಬ್ಬರನ್ನು ಹುಡುಕಿಕೊಂಡು ಹೋದೆ. ಆತ ನಮ್ಮ ಮುಖ ನೋಡುವ ಮೊದಲು ಪಾಸ್‌ಪೋರ್ಟ್ ತೆರೆದು ಮುಗಿಯುವ ತಾರೀಖು ನೋಡಿದರು. "ಮೇಡಂದು ಹೋಗೋ ದಿನಕ್ಕೆ ಐದೇ ತಿಂಗಳು ಉಳಿಯುತ್ತೆ ಸಾರ್. ಆರು ಬೇಕು." ವಿಮಾನದ ಟಿಕೆಟ್ ಆಗಲೇ ಆಗಿತ್ತು! ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ತತ್ಕಾಲ್ ಹಾಕಿಸಿದೆವು, 1500 ರೂಪಾಯಿಯ ಮೇಲೆ ತತ್ಕಾಲ್‌ಗೆ ಇನ್ನೂ 2000. ಒಂದು ವಾರದೊಳಗೆ ಹೊಸ ಪುಸ್ತಕ ಮನೆಗೆ ಬಂತು, ಇನ್ನೊಂದು ವಾರದಲ್ಲಿ ವೀಸಾ ಇಮೇಲ್‌ನಲ್ಲಿ ಬಂತು. ಅದೂ ಎರಡು ವರ್ಷದ ಮಲ್ಟಿಪಲ್ ಎಂಟ್ರಿ. ಎಲ್ಲರಿಗೂ ಅಷ್ಟು ಕೊಡುತ್ತಾರೆ ಅಂತಲ್ಲ, ನಮಗೆ ಸಿಕ್ಕಿತು ಅಷ್ಟೇ. ಆ ಏಜೆಂಟರು ಕೀಬೋರ್ಡ್ ಕುಟ್ಟಿದ್ದಕ್ಕಲ್ಲ, ಆ ಒಂದು ಕಣ್ಣೋಟಕ್ಕೆ ದುಡ್ಡು ಕೊಟ್ಟೆ ಅಂದುಕೊಂಡಿದ್ದೇನೆ.

ಅದೇ ಗುಂಗಿನಲ್ಲಿ ಮರುವರ್ಷ ವಿಯೆಟ್ನಾಂಗೂ ಏಜೆಂಟರನ್ನೇ ಕೇಳಿದೆ. ಬೇರೆಯವರು, ಬೇರೆ ಕಡೆ. ತಲೆಗೆ ಐದೂವರೆ ಸಾವಿರ ಅಂದರು. 2100 ರೂಪಾಯಿಯ ವೀಸಾಗೆ! ಬೇಡ ಅಂತ ನಾನೇ ಕೂತೆ.

ಅಲ್ಲಿ ಮೊದಲ ಬಲೆ ಸರ್ಚ್‌ನಲ್ಲೇ ಇದೆ. ಹೆಸರು ಹೊಡೆದರೆ ಮೇಲೆ ಬರುವುದು ಜಾಹೀರಾತು ಕೊಟ್ಟ ಖಾಸಗಿ ಸೈಟುಗಳು. ನೋಡೋಕೆ ಸರ್ಕಾರದ್ದೇ ಥರ, ಕೇಳುವುದು ಎರಡು ಮೂರು ಪಟ್ಟು. ವಿಳಾಸದ ಕೊನೆಯಲ್ಲಿ 'ಡಾಟ್ ಗವ್ ಡಾಟ್ ವಿಎನ್' ಇದ್ದರೆ ಮಾತ್ರ ಮುಂದಕ್ಕೆ ಹೋಗಿ. ಅಸಲಿ ಸೈಟಿನಲ್ಲಿ ಕೆಲಸ ಅರ್ಧ ಗಂಟೆಯದು. ಮುಖದ ಫೋಟೋ, ಪಾಸ್‌ಪೋರ್ಟ್ ಪುಟದ ಫೋಟೋ, ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ, ಎಲ್ಲಿ ಉಳಿಯುತ್ತೀರಿ, ಕಾರ್ಡ್‌ನಲ್ಲಿ ದುಡ್ಡು. ಬ್ಯಾಂಕ್ ಸ್ಟೇಟ್‌ಮೆಂಟ್ ಇಲ್ಲ, ರಜೆಯ ಪತ್ರ ಇಲ್ಲ. ಪಾಸ್‌ಪೋರ್ಟ್ ಬೀರುವಿನಿಂದ ಕದಲುವುದೇ ಇಲ್ಲ. 2023ರ ಆಗಸ್ಟ್‌ನಿಂದ 90 ದಿನದವರೆಗೆ ಅವಧಿ ಕೇಳಬಹುದು. ಹಾಗಾಗಿ ಶುರುವಿನ ತಾರೀಖನ್ನು ಒಂದೆರಡು ದಿನ ಹಿಂದಕ್ಕೇ ಹಾಕಿ. ವೀಸಾ ಶುರುವಾಗುವ ಮುಂಚೆ ಇಳಿದರೆ ಒಳಗೆ ಬಿಡುವುದಿಲ್ಲ.

ಇಷ್ಟು ಸಲೀಸಾದ ವ್ಯವಸ್ಥೆಯಲ್ಲೇ ನಾನು ಎಡವಿದ್ದು. ಅಮ್ಮನ ಪಾಸ್‌ಪೋರ್ಟಿನಲ್ಲಿ ಹೆಸರಷ್ಟೇ ಇದೆ, ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಹೆಸರಿನ ಹಿಂದೆ ಊರಿನದ್ದೊಂದು, ಅಪ್ಪನದ್ದೋ ಗಂಡನದ್ದೋ ಒಂದು ಅಕ್ಷರ ಇರುತ್ತೆ, ಅಷ್ಟೇ ಅಲ್ವಾ? ಮನೆತನದ ಹೆಸರು ಎಲ್ಲಿಂದ ತರೋದು? ಖಾಲಿ ಬಿಡೋದು ಹೇಗೆ ಅಂತ ಆ ಜಾಗಕ್ಕೆ ಅಪ್ಪನ ಹೆಸರು ತುಂಬಿದೆ. ಸೈಟು ಏನೂ ಅನ್ನಲಿಲ್ಲ. ದುಡ್ಡು ತೆಗೆದುಕೊಂಡಿತು, ನಾಲ್ಕು ದಿನಕ್ಕೆ ವೀಸಾ ಕೊಟ್ಟಿತು. ಏಪ್ರಿಲ್ 24ರ ರಾತ್ರಿ ಪ್ರಿಂಟ್ ತೆಗೆದಾಗ ನೋಡುತ್ತೇನೆ, ಪಾಸ್‌ಪೋರ್ಟಿನಲ್ಲಿ ಇಲ್ಲದ ಹೆಸರು ವೀಸಾದಲ್ಲಿದೆ. ಅಂದರೆ ಆ ಕಾಗದ ಕೆಲಸಕ್ಕೆ ಬಾರದ್ದು. ಪ್ರಿಂಟ್ ತೆಗೆಯದೆ ಹೋಗಿದ್ದರೆ ಚೆಕ್‌ಇನ್ ಕೌಂಟರಿನಲ್ಲಿ, ಸೂಟ್‌ಕೇಸ್ ಹಿಡಿದು ನಿಂತಾಗ ಗೊತ್ತಾಗುತ್ತಿತ್ತು.

ಮತ್ತೆ 25 ಡಾಲರ್ ಕಟ್ಟಿದೆ. ವೀಸಾ ಕೊಡೋಕೆ ಮೂರು ದಿನ ಅನ್ನುತ್ತಾರೆ, ಆದರೆ ಅದು ಅವರ ಲೆಕ್ಕದಲ್ಲಿ ಕೆಲಸದ ದಿನ. ಏಪ್ರಿಲ್ 30 ಅವರ ದೇಶ ಒಂದಾದ ದಿನ, 1975ರ ನೆನಪಿಗೆ. ಮೇ 1 ಕಾರ್ಮಿಕರ ದಿನ. 2024ರಲ್ಲಿ ಶನಿವಾರ, ಭಾನುವಾರ ಎಲ್ಲ ಸೇರಿ ಐದು ದಿನ ಸರ್ಕಾರಿ ರಜೆ. ಅದು ಸರಿಯಾಗಿ ನಮ್ಮ ಬೇಸಿಗೆ ರಜೆಯ ಹೊತ್ತು, ನೋಡಿ! ಮೇ 3ಕ್ಕೆ ವೀಸಾ ಬಂತು. ನಮ್ಮ ವಿಮಾನ 6ಕ್ಕೆ. ಆ ಒಂಬತ್ತು ದಿನ ಅಮ್ಮನಿಗೆ ವಿಷಯ ಹೇಳಲೇ ಇಲ್ಲ. ಎರಡನೇ ಸಲ ಪಾಸ್‌ಪೋರ್ಟ್ ಪುಟದ ಅಡಿಯಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇದೆಯಲ್ಲ, ಅದರಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿದ್ದೆ. ಸರ್‌ನೇಮ್ ಇಲ್ಲದವರು ದುಬೈಗೆ ಹೋಗುವುದಾದರೆ ಇನ್ನೂ ಎಚ್ಚರ ಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಟೂರಿಸ್ಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಆಮೇಲೆ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸರಿ ಅಂತ ಸ್ವಲ್ಪ ಸಡಿಲ ಮಾಡಿತು. ಟಿಕೆಟ್ ಮಾಡಿಸುವ ಮೊದಲು ಏರ್‌ಲೈನ್ಸ್‌ನವರನ್ನು ಕೇಳಿ.

ಈಗ ಫ್ರಾನ್ಸ್. ಪ್ಯಾರಿಸ್ ಕಡೆ ಐದು ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ ನಾಲ್ಕು. ಷೆಂಗೆನ್ ವೀಸಾ ಒಂದಿದ್ದರೆ 29 ದೇಶ ಸುತ್ತಬಹುದು, ಆದರೆ ಅರ್ಜಿ ಹಾಕಬೇಕಾದ್ದು ಜಾಸ್ತಿ ದಿನ ಉಳಿಯುವ ದೇಶಕ್ಕೆ. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತೆ ಅಂತ ಇನ್ಯಾವುದೋ ದೇಶಕ್ಕೆ ಹಾಕಿ, ಹೋಟೆಲ್ ಮಾತ್ರ ಪ್ಯಾರಿಸಿನಲ್ಲಿ ತೋರಿಸುವ ಜಾಣತನ ಬೇಡ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ 15 ದಿನದೊಳಗೆ ಆಗುವುದಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45ರವರೆಗೂ ಎಳೆಯಬಹುದು. ನಾವು ಏಪ್ರಿಲ್ ಪ್ರವಾಸಕ್ಕೆ ಫೆಬ್ರವರಿಯಲ್ಲೇ ಹಾಕಿದೆವು.

ಕಾಗದದ ಕಟ್ಟು ಮದುವೆಯ ಲಗ್ನಪತ್ರಿಕೆ ಬಂಡಲ್‌ನಷ್ಟಾಯಿತು. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಆಫೀಸಿನ ರಜೆ ಪತ್ರ, ಐಟಿ ರಿಟರ್ನ್ಸ್, ಹೋಟೆಲ್, ರೈಲು, ಕಡಿಮೆಯೆಂದರೆ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ಇನ್ಶೂರೆನ್ಸ್. ನನ್ನದೂ ಹೆಂಡತಿಯದೂ ಸರಿ, ನೌಕರಿ ಇದೆ. ಅಮ್ಮನಿಗೆ ಇರುವುದು ಅಪ್ಪನ ಪೆನ್ಶನ್ ಮತ್ತು ತಿಪಟೂರು ಹತ್ತಿರ ತೆಂಗಿನ ತೋಟ. ಕೊಬ್ಬರಿ ದುಡ್ಡಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಪಹಣಿ ತೆಗೆಸಿ, ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಹಾಕಿಸಿದೆ. ಕವರಿಂಗ್ ಲೆಟರ್‌ನಲ್ಲಿ ಅವಳು ವಾಪಸ್ ಬಂದೇ ಬರುತ್ತಾಳೆ ಅನ್ನುವುದಕ್ಕೆ ಕಾರಣ ಬರೆಯಬೇಕಿತ್ತು. ಅಮ್ಮನನ್ನೇ ಕೇಳಿದೆ. "ಅಯ್ಯೋ, ನಾನಲ್ಲೇ ಉಳಕೊಂಡ್ರೆ ಇಲ್ಲಿ ಕಾಯಿ ಕೀಳ್ಸೋರು ಯಾರು?" ಅಂದಳು. ಅದನ್ನೇ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ಇಂಟರ್‌ನೆಟ್‌ನಿಂದ ಇಳಿಸಿದ ಮಾದರಿ ಪತ್ರಕ್ಕಿಂತ ಇದು ಎಷ್ಟೋ ಮೇಲು ಅನ್ನುವುದು ನನ್ನ ನಂಬಿಕೆ.

ಇಲ್ಲಿ ನನ್ನ ತಪ್ಪು ಇನ್ಶೂರೆನ್ಸ್ ತಾರೀಖಿನದು. ಪ್ಯಾರಿಸ್ ಬಿಡುವುದು 19ರ ರಾತ್ರಿ, ಪಾಲಿಸಿ ಮುಗಿಯುವುದು 18ಕ್ಕೆ. ವೀಸಾ ಕೇಂದ್ರದ ಕೌಂಟರಿನ ಹುಡುಗಿ ಪುಟ ತಿರುವಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದಳು. ಪಕ್ಕದ ಬೆಂಚಿನಲ್ಲಿ ಕೂತು ಮೊಬೈಲಿನಲ್ಲೇ ಹೊಸ ಪಾಲಿಸಿ ತೆಗೆದುಕೊಂಡೆ, ಪ್ರಿಂಟ್ ಹಾಕಿಸಿ ಕೊಟ್ಟೆ. ಆಮೇಲೆ ಹತ್ತೂ ಬೆರಳಿನ ಅಚ್ಚು. ಅಮ್ಮನ ಬೆರಳ ರೇಖೆ ಸವೆದಿದ್ದಕ್ಕೆ ನಾಲ್ಕು ಸಲ ಒತ್ತಿಸಿದರು. ಅದನ್ನು ಸುಮಾರು ಐದು ವರ್ಷ, ಲೆಕ್ಕವಾಗಿ 59 ತಿಂಗಳು, ಮತ್ತೆ ಬಳಸುತ್ತಾರೆ.

ಹೀಗೆ ನೋಡಿದರೆ ಎಲ್ಲಕ್ಕಿಂತ ಕಷ್ಟದ ವೀಸಾದಲ್ಲೇ ನನ್ನ ತಪ್ಪು ಎಲ್ಲಕ್ಕಿಂತ ಬೇಗ ಸರಿಯಾಯಿತು, ಇಪ್ಪತ್ತು ನಿಮಿಷದಲ್ಲಿ. ಆದರೆ ಪೂರ್ತಿ ಹಾಗೂ ಅಲ್ಲ. ಕೌಂಟರಿನವರು ನೋಡುವುದು ಕಾಗದ ಇದೆಯೋ ಇಲ್ಲವೋ ಅಂತ. ವೀಸಾ ಕೊಡುವುದು, ಬಿಡುವುದು ಕಾನ್ಸುಲೇಟ್. ಅಲ್ಲಿ ಸಿಕ್ಕಿಬೀಳುವ ತಪ್ಪು ನಮಗೆ ಯಾರೂ ತೋರಿಸಿಕೊಡುವುದಿಲ್ಲ. ಗೆಳೆಯನೊಬ್ಬನಿಗೆ ಬೇರೆ ದೇಶದ ಷೆಂಗೆನ್ ವೀಸಾ ಸಿಗಲಿಲ್ಲ. ಅಚ್ಚಾದ ಕಾರಣಗಳ ಪಟ್ಟಿಯಲ್ಲಿ ಒಂದಕ್ಕೆ ಟಿಕ್ ಹಾಕಿದ್ದರು: ವಾಪಸ್ ಹೋಗುವ ಉದ್ದೇಶ ಖಾತ್ರಿಯಾಗಿಲ್ಲ. ಅರ್ಜಿಗೆ ಹದಿನೈದು ದಿನ ಮುಂಚೆ ಅವನ ಖಾತೆಗೆ ಭಾವ ಮೂರು ಲಕ್ಷ ಹಾಕಿದ್ದ. ಅದೇ ಕಾರಣವೋ ಅಲ್ಲವೋ, ಇವತ್ತಿಗೂ ಅವನು ಅದನ್ನೇ ನೆನೆಸಿಕೊಳ್ಳುತ್ತಾನೆ.

ನಮ್ಮ ಪಾಸ್‌ಪೋರ್ಟುಗಳು 13 ದಿನಕ್ಕೆ ಕೊರಿಯರ್‌ನಲ್ಲಿ ಬಂದವು. ವೀಸಾ ಸಿಕ್ಕಿದ್ದು ಪ್ರವಾಸದ ದಿನಗಳಿಗೆ, ಮೇಲೆ ಹದಿನೈದು ದಿನ ಅವಧಿ. ಪದೇಪದೇ ಹೋಗುವವರಿಗೆ ಒಂದು ಒಳ್ಳೆ ಸುದ್ದಿ ಇದೆ: 2024ರ ಏಪ್ರಿಲ್ 18ರ ನಿಯಮದ ಪ್ರಕಾರ, ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ವೀಸಾ ಸಿಗಬಹುದು, ಅದರ ನಂತರ ಐದು ವರ್ಷದ್ದು. ಜರ್ಮನಿಯಲ್ಲಿ ಮಗಳೋ ಮಗನೋ ಇರುವ ಅಪ್ಪ ಅಮ್ಮಂದಿರಿಗೆ ಇದು ಲಾಭ. ನಮ್ಮಂತೆ ಆಲ್ಪ್ಸ್ ಹಿಮ ಒಂದು ಸಲ ನೋಡಿ ಬಂದರೆ ಸಾಕು ಅನ್ನುವವರಿಗೆ ಏನೂ ಇಲ್ಲ.

ಹಾಗಾದರೆ ಯಾವುದನ್ನು ಆರಿಸಲಿ ಅಂದರೆ, ಮೊದಲ ಸಲ ಹೊರಗೆ ಹೋಗುವವರಿಗೆ ನಾನು ಸಿಂಗಾಪುರ ಅನ್ನುತ್ತೇನೆ. ಅನುಭವಿ ಕಣ್ಣೊಂದು ನಿಮ್ಮ ಪಾಸ್‌ಪೋರ್ಟ್ ನೋಡಿರುತ್ತೆ. ವಿಯೆಟ್ನಾಂಗೆ ಏಜೆಂಟ್ ಬೇಡ, ಆದರೆ ಫಾರ್ಮನ್ನು ನೀವು ತುಂಬಿ, ಮನೆಯಲ್ಲಿ ಇನ್ನೊಬ್ಬರ ಕೈಯಲ್ಲಿ ಪಾಸ್‌ಪೋರ್ಟ್ ಕೊಟ್ಟು ಅಕ್ಷರ ಅಕ್ಷರ ಜೋರಾಗಿ ಓದಿಸಿ. ಷೆಂಗೆನ್‌ಗೆ ದುಡ್ಡಿಗಿಂತ ಎರಡು ತಿಂಗಳ ತಾಳ್ಮೆ ಬೇಕು. ಅದು ಇಲ್ಲದ ವರ್ಷ ಆ ಕಡೆ ಹೋಗಲೇಬೇಡಿ.

ಅಮ್ಮ ಈಗ ಪಶುಪತಿನಾಥನ ದರ್ಶನಕ್ಕೆ ಕಠ್ಮಂಡುವಿಗೆ ಹೋಗೋಣ ಅನ್ನುತ್ತಿದ್ದಾಳೆ. "ವೀಸಾನೂ ಬೇಡ, ಪಾಸ್‌ಪೋರ್ಟೂ ಬೇಡ, ವೋಟರ್ ಐಡಿ ಸಾಕಂತಲ್ಲೋ?" ಹೌದು, ನೇಪಾಳಕ್ಕೆ ನಮ್ಮವರಿಗೆ ಅಷ್ಟು ಸಾಕು. ನಿನ್ನೆ ಕಾರ್ಡ್ ತೆಗೆಸಿ ನೋಡಿದೆ. ಅದರಲ್ಲಿ ಅವಳ ಹೆಸರಿನ ಕೊನೆಗೆ ಒಂದು 'ಅಮ್ಮ' ಜಾಸ್ತಿ ಇದೆ, ಪಾಸ್‌ಪೋರ್ಟಿನಲ್ಲಿ ಅದಿಲ್ಲ. ಟಿಕೆಟ್ ಯಾವ ಹೆಸರಿಗೆ ಮಾಡಿಸೋದು ಅಂತ ನಾನೂ ಹೆಂಡತಿಯೂ ಇನ್ನೂ ಚರ್ಚೆ ಮಾಡುತ್ತಿದ್ದೇವೆ.