‘ಮಾಂಕೆ’ ಪಾಠ: ಹೇಳಿಕೊಟ್ಟಿದ್ದು ಚೆನ್ನಾಗಿದೆ, ಅಭ್ಯಾಸ ಸಾಲದು

ಒಂದು ಆನ್‌ಲೈನ್ ಫ್ರೆಂಚ್ ಕೋರ್ಸ್‌ನ ಎ2 ಹಂತ, ಅಂದ್ರೆ ಕಲಿಕೆಯ ಎರಡನೇ ಮೆಟ್ಟಿಲು, ಮುಗಿಸಿದೆ. ಪೂರ್ತಿ ಕೋರ್ಸ್ ಬಗ್ಗೆ ಅಲ್ಲ, ಅದರಲ್ಲಿ ‘ಮಾಂಕೆ’ ಅನ್ನುವ ಒಂದೇ ಕ್ರಿಯಾಪದದ ಪಾಠದ ಬಗ್ಗೆ ಬರೆಯುತ್ತಿದ್ದೇನೆ. ದೂರ ಇರುವವರ ನೆನಪು ಕಾಡುತ್ತಿದೆ ಅಂತ ಹೇಳಲು ಫ್ರೆಂಚ್‌ನಲ್ಲಿ ಬಳಸುವುದು ಇದನ್ನೇ, ಮತ್ತು ನಾನು ತಿಂಗಳುಗಟ್ಟಲೆ ಇದನ್ನು ತಿರುಗುಮುರುಗಾಗಿ ಬಳಸುತ್ತಿದ್ದೆ.

ತಪ್ಪು ಶುರುವಾಗಿದ್ದು ಮೊದಲು ಬಳಸುತ್ತಿದ್ದ ಒಂದು ಆ್ಯಪ್‌ನಿಂದ. ಅಲ್ಲಿ ಮಾಂಕೆ ಅಂದ್ರೆ ‘ಮಿಸ್ ಮಾಡು’, ಅಷ್ಟೇ. ಅದನ್ನು ನಂಬಿ ಫ್ರಾನ್ಸ್‌ನಲ್ಲಿರುವ ಗೆಳತಿಗೆ ‘ಝ ತ ಮಾಂಕ್’ ಅಂತ ಮೆಸೇಜ್ ಕಳಿಸಿದೆ. ಅದರ ಅರ್ಥ ‘ನಿನಗೆ ನನ್ನ ನೆನಪು ಕಾಡುತ್ತಿದೆ’ ಅಂತ! ನಾನು ಬರೆಯಬೇಕಿದ್ದದ್ದು ‘ತ್ಯು ಮ ಮಾಂಕ್’.

ಈ ಕೋರ್ಸ್‌ನ ಟೀಚರ್ ‘ಮಿಸ್’ ಅನ್ನುವ ಪದವನ್ನೇ ಪಕ್ಕಕ್ಕೆ ಇಟ್ಟರು. ‘ತ್ಯು’ ಅಂದ್ರೆ ನೀನು, ‘ಮ’ ಅಂದ್ರೆ ನನಗೆ, ಕ್ರಿಯಾಪದ ‘ನೀನು’ ಜೊತೆ ಹೋಗುತ್ತದೆ ಅಂದರು. ಕೇಳಿದ ತಕ್ಷಣ ಕನ್ನಡ ನೆನಪಾಯಿತು. ‘ನನಗೆ ನೀನು ನೆನಪಾಗುತ್ತೀಯ’ ಅಂತೀವಿ ಅಲ್ವಾ? ಅಮ್ಮ ನೆನಪಾಗುತ್ತಾಳೆ, ಗೆಳೆಯರು ನೆನಪಾಗುತ್ತಾರೆ. ‘ನನಗೆ’ ಸುಮ್ನೆ ಪಕ್ಕದಲ್ಲಿ ಕೂತಿರುತ್ತದೆ. ಇಂಗ್ಲಿಷ್ ಮೂಲಕ ಹೋಗಿ ಸುತ್ತಿ ಬಳಸಿ ಕಷ್ಟಪಟ್ಟಿದ್ದು ಕನ್ನಡದಲ್ಲಿ ಆಗಲೇ ನನ್ನ ಬಾಯಲ್ಲಿತ್ತು.

ತುಂಬಾ ಇಷ್ಟವಾಗಿದ್ದು ಡಿಕ್ಟೇಶನ್. ‘ಮೆ ಪರಾಂ ಮ ಮಾಂಕ್’, ಅಂದ್ರೆ ಅಪ್ಪ ಅಮ್ಮ ನೆನಪಾಗುತ್ತಾರೆ. ಕಿವಿಗೆ ಅದೇ ‘ಮಾಂಕ್’, ಆದರೆ ಬರೆಯುವಾಗ ಕೊನೆಗೆ ಇ, ಎನ್, ಟಿ ಬರಬೇಕು, ಯಾಕಂದ್ರೆ ನೆನಪಾಗುವವರು ಇಬ್ಬರು. ನಾನು ‘ನನಗೆ’ ಅನ್ನುವುದನ್ನೇ ನೋಡುತ್ತಾ ಬರೀ ಇ ಹಾಕಿ ಬಿಟ್ಟಿದ್ದೆ. ತಿದ್ದಿ ಕಳಿಸಿದ ಹಾಳೆಯಲ್ಲಿ ಟೀಚರ್ ‘ಪರಾಂ’ ಕೆಳಗೆ ಗೆರೆ ಎಳೆದು, ಅಲ್ಲಿಂದ ಕ್ರಿಯಾಪದದ ಬಾಲಕ್ಕೆ ಒಂದು ಬಾಣ ಹಾಕಿದ್ದರು. ಆ ಬಾಣ ಈಗಲೂ ಕಣ್ಣ ಮುಂದಿದೆ.

ರೈಲು ತಪ್ಪಿತು ಅನ್ನಲು ‘ಝೇ ಮಾಂಕೆ ಲ ತ್ರ್ಯಾಂ’, ಸಮಯ ಸಾಲದು ಅನ್ನಲು ‘ಝ ಮಾಂಕ್ ದ ತಾಂ’. ಇವನ್ನೂ ಹೇಳಿಕೊಟ್ಟರು, ಅದರಲ್ಲಿ ಗೊಂದಲ ಇಲ್ಲ.

ಕೊರತೆ ಇರುವುದು ಅಭ್ಯಾಸದಲ್ಲಿ. ಜಾಸ್ತಿ ಪ್ರಶ್ನೆಗಳು ನಾನು–ನೀನು ಮಧ್ಯೆಯೇ. ‘ಎಲ್ ಮಾಂಕ್ ಆ ಸೆಝಾಂಫಾಂ’, ಅಂದ್ರೆ ಅವಳ ಮಕ್ಕಳಿಗೆ ಅವಳ ನೆನಪು ಕಾಡುತ್ತದೆ, ಇಂಥವು ಎರಡೇ ಎರಡು. ಅಲ್ಲಿನ ‘ಆ’ ನಮ್ಮ ‘ಮಕ್ಕಳಿಗೆ’ಯಲ್ಲಿರುವ ‘ಗೆ’ ಮಾಡುವ ಕೆಲಸವನ್ನೇ ಮಾಡುತ್ತದೆ, ಅದು ಕೂರಬೇಕಾದರೆ ಇಪ್ಪತ್ತಾದರೂ ವಾಕ್ಯ ಬೇಕು. ತುಂಬಾ ದಿನದ ಮೇಲೆ ಸಿಕ್ಕಾಗ ಹೇಳುವ ‘ತ್ಯು ಮಾ ಮಾಂಕೆ’, ಅಂದ್ರೆ ನಿನ್ನ ನೆನಪು ಕಾಡಿತ್ತು, ಅದಂತೂ ಅಭ್ಯಾಸದಲ್ಲಿ ಇಲ್ಲವೇ ಇಲ್ಲ. ಅವನ್ನೆಲ್ಲ ನಾನೇ ಬರೆದುಕೊಂಡೆ, ನೀವೂ ಹಾಗೇ ಮಾಡಿ.

ಆದರೂ ಪಾಠ ತಗೊಳ್ಳಿ ಅಂತಲೇ ಹೇಳುತ್ತೇನೆ. ಮುಂದಿನ ಪಾಠ ‘ಪ್ಲೇರ್’ ಇತ್ತು. ‘ಸ ಮ ಪ್ಲೆ’, ಇದು ನನಗೆ ಇಷ್ಟವಾಗುತ್ತದೆ. ವಿಡಿಯೊ ನೋಡುವ ಮೊದಲೇ ಪ್ರಶ್ನೆಗಳನ್ನು ತೆಗೆದು ಕೂತೆ, ಒಂದೂ ತಪ್ಪಾಗಲಿಲ್ಲ.