ಸಿಂಕ್‌ಥಿಂಗ್: 17 ಅಂಗಡಿ, 4 ವರ್ಷ ಬಳಸಿದ ಮೇಲೆ

ನಮ್ಮವು ಮೆಡಿಕಲ್ ಶಾಪ್‌ಗಳು, ಕೆಂಗೇರಿಯಿಂದ ಯಲಹಂಕದವರೆಗೆ ಒಟ್ಟು 17. ಲೆಕ್ಕ ನೋಡುವ ಕಂಪ್ಯೂಟರ್ ರಾಜಾಜಿನಗರದ ಆಫೀಸಿನಲ್ಲಿದೆ. ಮೊದಲೆಲ್ಲ ಅಂಗಡಿಗಳ ಬಿಲ್ ಫೈಲು ತರಲು ಹುಡುಗನೊಬ್ಬ ವಾರಕ್ಕೊಮ್ಮೆ ಪೆನ್‌ಡ್ರೈವ್ ಹಿಡಿದು ಸ್ಕೂಟರಿನಲ್ಲಿ ಸುತ್ತುತ್ತಿದ್ದ, ಸಿಲ್ಕ್ ಬೋರ್ಡ್ ಕಡೆ ಹೋದ ದಿನ ವಾಪಸ್ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು.

ಈಗ 4 ವರ್ಷದಿಂದ ಸಿಂಕ್‌ಥಿಂಗ್, ಬೇರೆ ಬೇರೆ ಕಂಪ್ಯೂಟರ್‌ಗಳ ಫೋಲ್ಡರನ್ನು ನೆಟ್ ಮೂಲಕ ಒಂದೇ ಥರ ಇಡುತ್ತದೆ. 2013ರಲ್ಲಿ ಬಂದ ಓಪನ್ ಸೋರ್ಸ್ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಸರದಿ ಹಾಕಿಕೊಂಡು ಕೈಕೊಡುತ್ತವೆ, ಅಲ್ವಾ? ಅಂಥ ರಾತ್ರಿಯಲ್ಲೂ ಅರ್ಧಂಬರ್ಧ ಫೈಲು ನನ್ನ ಫೋಲ್ಡರಿಗೆ ಬಂದು ಕೂತಿದ್ದಿಲ್ಲ. ಇದು ಫೈಲನ್ನು ತುಂಡು ತುಂಡಾಗಿ ಕಳಿಸುತ್ತದೆ, ಪ್ರತಿ ತುಂಡಿನ ಹ್ಯಾಷ್ (ಅದರ ಬೆರಳಚ್ಚು ಇದ್ದಂತೆ) ತಾಳೆ ನೋಡುತ್ತದೆ, ಎಲ್ಲ ಸೇರುವವರೆಗೂ ಬೇರೆ ಹೆಸರಿನ ತಾತ್ಕಾಲಿಕ ಫೈಲಿನಲ್ಲೇ ಇಟ್ಟಿರುತ್ತದೆ. ನೆಟ್ ಬಂದಾಗ ಬಿಟ್ಟಲ್ಲಿಂದ ಶುರು.

ಎಡವಿದ್ದು ನಾನೇ. ಮೊದಲ ವರ್ಷ ಬಿಲ್ಲಿಂಗ್ ಡೇಟಾಬೇಸ್ ಇರುವ ಫೋಲ್ಡರನ್ನೇ ಸಿಂಕ್‌ಥಿಂಗ್‌ನಲ್ಲಿ ಹಂಚಿಬಿಟ್ಟಿದ್ದೆ. ಬಿಲ್ ಹಾಕುತ್ತಿರುವಾಗಲೇ ಕಾಪಿ ಆದ ಫೈಲು ಸರಿಯಾಗಿ ಬಂತು, ಆದರೆ ತೆರೆಯಲಿಲ್ಲ. ಈಗ ರಾತ್ರಿ ಬಾಗಿಲು ಹಾಕುವಾಗ ತೆಗೆದ ಬ್ಯಾಕಪ್ ಮಾತ್ರ ಹಂಚಿದ ಫೋಲ್ಡರಿಗೆ ಬೀಳುತ್ತದೆ, ಅಂಗಡಿಗೊಂದು ಫೋಲ್ಡರ್. ಇನ್ನೊಂದು ಸಲ, ಆಫೀಸಿನಲ್ಲಿ ಜಾಗ ಸಾಲದೆ ಹಳೇ ಫೈಲು ಅಳಿಸಿದೆ. ಅಂಗಡಿಗಳಲ್ಲೂ ಅಳಿಸಿಹೋದವು! ಎರಡೂ ಕಡೆ ಒಂದೇ ಥರ ಇಡುವುದೇ ಇದರ ಕೆಲಸ, ಅದು ಗೊತ್ತಿದ್ದೂ ಹಾಗೆ ಮಾಡಿದೆ. ಆಮೇಲೆ ಅಂಗಡಿಗಳಲ್ಲಿ ‘ಸೆಂಡ್ ಓನ್ಲಿ’ (ಕಳಿಸುವುದು ಮಾತ್ರ), ಆಫೀಸಿನಲ್ಲಿ ‘ರಿಸೀವ್ ಓನ್ಲಿ’ (ಪಡೆಯುವುದು ಮಾತ್ರ) ಮಾಡಿ, ಆಫೀಸಿನಲ್ಲಿ ಹಳೇ ಪ್ರತಿ ಎತ್ತಿಡುವ ಫೈಲ್ ವರ್ಷನಿಂಗ್ ಹಾಕಿದೆ. ಅಂಗಡಿಯಲ್ಲಿ ಯಾರಾದರೂ ಅಳಿಸಿದರೂ ಹಳೇ ಪ್ರತಿ ನನ್ನ ಹತ್ತಿರ ಉಳಿಯುತ್ತದೆ.

ಆಫೀಸಿನ ರೂಟರಿನಲ್ಲಿ 22000 ಪೋರ್ಟ್ (ಸಿಂಕ್‌ಥಿಂಗ್ ಒಳಬರುವ ಬಾಗಿಲು) ತೆರೆದಿಡಿ. ನೇರ ದಾರಿ ಸಿಗದಿದ್ದರೆ ರಿಲೇ, ಅಂದರೆ ನಡುವಿನ ಸರ್ವರ್ ಮೂಲಕ ಬರುತ್ತದೆ, ಭದ್ರವಾಗೇ ಬರುತ್ತದೆ, ಆದರೆ ಆಮೆ ನಡಿಗೆ.

ಇನ್ನು, ಒಂದು ಅಂಗಡಿ ಸುಮ್ನಾದರೆ ಸಿಂಕ್‌ಥಿಂಗ್ ಕೂಗಿ ಹೇಳುವುದಿಲ್ಲ. ಪರದೆ ಮೇಲೆ ‘ಡಿಸ್‌ಕನೆಕ್ಟೆಡ್’ ಅಂತ ತೋರಿಸುತ್ತದೆ, ನೋಡುವವರು ಬೇಕಲ್ಲ. ಯಲಹಂಕದಲ್ಲಿ ಕಂಪ್ಯೂಟರ್ ರಿಪೇರಿಗೆ ಬಂದವರು ಸ್ಟಾರ್ಟಪ್‌ನಿಂದ ಇದನ್ನು ತೆಗೆದುಬಿಟ್ಟಿದ್ದರು, 9 ದಿನ ನನಗೆ ಗೊತ್ತೇ ಆಗಲಿಲ್ಲ. ಈಗ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ, ನಿನ್ನೆ ರಾತ್ರಿಯ ಫೈಲು ಯಾವ ಅಂಗಡಿಯಿಂದ ಬಂದಿಲ್ಲ ಅಂತ ಬೆಳಿಗ್ಗೆ 9ಕ್ಕೆ ಹೆಸರು ತೋರಿಸುತ್ತದೆ. ಹೆಸರು ಕಂಡರೆ ಫೋನ್: ‘ಅಣ್ಣಾ, ರಾತ್ರಿ ಬ್ಯಾಕಪ್ ತೆಗೆದ್ರಾ?’ ಜಾಸ್ತಿ ಸಲ ಮರೆತೇ ಇರುತ್ತಾರೆ.