ಫಿಟ್ಸ್ ಇದೆ ಅಂತ ಹೇಳಿದ್ರೂ ಫಾರ್ಮಿನಲ್ಲಿ ‘ಇಲ್ಲ’ ಅಂತ ಟಿಕ್ ಹಾಕ್ತಾರೆ: ಹೆಲ್ತ್ ಇನ್ಶೂರೆನ್ಸ್ ಮಾಡಿಸೋ ಮುಂಚೆ ಓದಿ

ಮನೆಯಲ್ಲಿ ಯಾರಿಗಾದರೂ ಮೂರ್ಛೆರೋಗ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆಯಾ? ಹಿಂದೆ ಯಾವಾಗಲಾದರೂ ಲಕ್ವ ಹೊಡೆದಿತ್ತಾ? ಅವರ ಹೆಸರಲ್ಲಿ ಪಾಲಿಸಿ ಮಾಡಿಸೋ ಯೋಚನೆ ಇದ್ದರೆ ಇದನ್ನ ಪೂರ್ತಿ ಓದಿ. ಏಜೆಂಟ್ ಎದುರಿಗೇ ಕೂತಿದ್ದರೂ ಪರವಾಗಿಲ್ಲ, ಕಾಯಲಿ.

ವ್ಯವಹಾರ ಶುರುವಾಗೋದು ಹೇಗೆ ಅಂತ ಎಲ್ಲರಿಗೂ ಗೊತ್ತು. ಫೋನ್ ಬರುತ್ತೆ, ಪ್ರೀಮಿಯಂ ಲೆಕ್ಕ ವಾಟ್ಸಾಪಿಗೆ ಬರುತ್ತೆ, ಆಧಾರ್, ಪ್ಯಾನ್ ಕಳಿಸಿ ಅಂತಾರೆ. ಮನೆಯವರು ಏನೂ ಮುಚ್ಚಿಡದೆ ಹೇಳ್ತಾರೆ: ಹುಡುಗನಿಗೆ ಫಿಟ್ಸ್ ಇದೆ, ವಾಲ್ಪ್ರೋಯೇಟ್ ಮಾತ್ರೆ ನಡೀತಿದೆ, ಎರಡು ವರ್ಷದಿಂದ ಬಂದಿಲ್ಲ. ಅದಕ್ಕೆ ಬರೋ ಉತ್ತರ ನೋಡಿ: “ಎರಡು ವರ್ಷದಿಂದ ಬಂದಿಲ್ಲ ಅಂದ್ಮೇಲೆ ಅದೇನ್ ಕಾಯಿಲೆ ಬಿಡಿ ಸರ್. ಫಿಟ್ಸ್ ಅಂತ ಹಾಕಿದ್ರೆ ಸಿಸ್ಟಮ್ಮೇ ತಗೊಳಲ್ಲ. ಮೂರು ವರ್ಷ ತಳ್ಳಿ, ಆಮೇಲೆ ಹಳೇ ಕಾಯಿಲೆನೂ ಕವರ್ ಆಗುತ್ತೆ, ಅದು ರೂಲು.”

ಕೇಳೋಕೆ ಎಷ್ಟು ಚೆನ್ನಾಗಿದೆ! ಆಮೇಲೆ ಒಂದು ಒಟಿಪಿ ಬರುತ್ತೆ. “ನಂಬರ್ ಹೇಳಿ ಸರ್, ಪಾಲಿಸಿ ಜನರೇಟ್ ಮಾಡ್ಬೇಕು.” ನಂಬರ್ ಹೇಳಿದ ಆ ಕ್ಷಣಕ್ಕೇ ಕೆಲಸ ಕೆಟ್ಟಿತು. ಆ ಒಟಿಪಿ ದುಡ್ಡು ಕಟ್ಟೋದಕ್ಕಲ್ಲ. ಪ್ರಪೋಸಲ್ ಫಾರ್ಮಿನಲ್ಲಿ, ಅಂದರೆ ಪಾಲಿಸಿಗೆ ಹಾಕೋ ಅರ್ಜಿಯಲ್ಲಿ, ಬರೆದಿದ್ದೆಲ್ಲ ನಿಜ ಅಂತ ನೀವು ಹಾಕೋ ಸಹಿ ಅದು. ‘ಎಂದಾದರೂ ಮೂರ್ಛೆ, ಪಾರ್ಶ್ವವಾಯು, ನರಸಂಬಂಧಿ ಕಾಯಿಲೆ ಇತ್ತೇ’ ಅನ್ನೋ ಪ್ರಶ್ನೆಯ ಮುಂದೆ ಏಜೆಂಟ್ ‘ಇಲ್ಲ’ ಅಂತ ಒತ್ತಿದ್ದಾನೆ. ಗಮನಿಸಿ, ಅಲ್ಲಿ ಕೇಳಿರೋದು ‘ಎಂದಾದರೂ’ ಅಂತ. ಎರಡು ವರ್ಷದಿಂದ ಬಂದಿಲ್ಲ ಅನ್ನೋದಕ್ಕೆ ಅಲ್ಲಿ ಜಾಗವೇ ಇಲ್ಲ.

ಬಯಲಾಗೋದು ಫಿಟ್ಸ್ ಬಂದಾಗ ಅಲ್ಲ. ಡೆಂಗಿಯಾಗಿ ಆಸ್ಪತ್ರೆಗೆ ಸೇರಿಸಿರ್ತೀವಿ. ಡ್ಯೂಟಿ ಡಾಕ್ಟರ್ ಕೇಸ್ ಶೀಟಲ್ಲಿ ‘ಹತ್ತು ವರ್ಷದಿಂದ ಮೂರ್ಛೆರೋಗ, ವಾಲ್ಪ್ರೋಯೇಟ್ ನಡೆಯುತ್ತಿದೆ’ ಅಂತ ಬರೀತಾರೆ. ಬರೆಯಲೇಬೇಕು. ಜ್ವರದಲ್ಲಿ ಫಿಟ್ಸ್ ಮರುಕಳಿಸಬಹುದು, ಮೆರೊಪೆನೆಮ್ ಥರದ ಆ್ಯಂಟಿಬಯೋಟಿಕ್ ಕೊಟ್ಟರೆ ರಕ್ತದಲ್ಲಿ ವಾಲ್ಪ್ರೋಯೇಟ್ ಮಟ್ಟ ಕುಸಿದುಬಿಡುತ್ತೆ. ಹಾಗಾಗಿ ಇನ್ಶೂರೆನ್ಸಿನ ಭಯಕ್ಕೆ ಡಾಕ್ಟರ ಹತ್ತಿರ ಮುಚ್ಚಿಡೋಕೆ ಮಾತ್ರ ಹೋಗಬೇಡಿ, ಅದು ಜೀವಕ್ಕೇ ಕುತ್ತು. ಆ ಒಂದು ಸಾಲು ಕಂಪನಿಗೆ ಹೋಗುತ್ತೆ, ಕ್ಯಾಶ್‌ಲೆಸ್ ನಿಲ್ಲುತ್ತೆ, ‘ಮೊದಲ ಸಲ ತೋರಿಸಿದ ಚೀಟಿ ಕಳಿಸಿ’ ಅಂತ ಕ್ವೆರಿ ಬರುತ್ತೆ. ಕಳಿಸಿದರೆ ಕ್ಲೇಮ್ ರಿಜೆಕ್ಟ್. ಡೆಂಗಿಗೂ ಫಿಟ್ಸಿಗೂ ಏನ್ರೀ ಸಂಬಂಧ ಅಂತ ಕೇಳಿದರೆ, “ಸಂಬಂಧದ ಪ್ರಶ್ನೆ ಅಲ್ಲ ಸರ್, ನೀವು ವಿಷಯ ಮುಚ್ಚಿಟ್ಟಿದ್ದೀರಿ.” ನಾವಾ ಮುಚ್ಚಿಟ್ಟಿದ್ದು? “ಫಾರ್ಮ್ ನಿಮ್ಮದೇ, ಒಟಿಪಿ ನಿಮ್ಮ ನಂಬರಿಂದಲೇ ಬಂದಿದೆ.” ಏಜೆಂಟಿಗೆ ಫೋನ್ ಮಾಡಿದರೆ, “ನಾನೀಗ ಆ ಕಂಪನಿ ಬಿಟ್ಟಿದೀನಿ ಸರ್, ಕಸ್ಟಮರ್ ಕೇರಿಗೆ ಮಾತಾಡಿ.” ಕಸ್ಟಮರ್ ಕೇರಿನವರು “ನಿಮ್ಮ ಏಜೆಂಟನ್ನ ಸಂಪರ್ಕಿಸಿ” ಅಂತಾರೆ. ಹೊಟ್ಟೆ ಉರಿಯುತ್ತೆ.

ಇಷ್ಟಕ್ಕೇ ಮುಗಿಯಲ್ಲ. ಮುಖ್ಯ ವಿಷಯ ಮುಚ್ಚಿಟ್ಟಿದ್ದರೆ ಪಾಲಿಸಿಯೇ ಅಸಿಂಧು, ಕಟ್ಟಿದ ಪ್ರೀಮಿಯಂ ಮುಟ್ಟುಗೋಲು ಅಂತ ಷರತ್ತಿನಲ್ಲೇ ಇರುತ್ತೆ. ಮುಂದೆ ಬೇರೆ ಕಂಪನಿಗೆ ಹೋದರೆ ಅಲ್ಲೂ ಫಾರ್ಮಿನಲ್ಲಿ ‘ಹಿಂದೆ ಯಾವುದಾದರೂ ಪಾಲಿಸಿ ನಿರಾಕರಣೆ, ರದ್ದು ಆಗಿದೆಯೇ’ ಅಂತ ಕೇಳ್ತಾರೆ.

ಈಗ ಆ ‘ಮೂರು ವರ್ಷದ ರೂಲು’. ಅರ್ಧ ನಿಜ, ಅದಕ್ಕೇ ಜನ ನಂಬ್ತಾರೆ. 2024ರ ಏಪ್ರಿಲ್‌ನಿಂದ ಮೊದಲೇ ಇದ್ದ ಕಾಯಿಲೆಗೆ ಕಾಯಿಸೋ ಅವಧಿ ಹೆಚ್ಚೆಂದರೆ 36 ತಿಂಗಳು, ಮುಂಚೆ 48 ಇತ್ತು. ಆದರೆ ಪಾಲಿಸಿ ಪುಸ್ತಕದಲ್ಲಿ ‘ಎಕ್ಸ್‌ಕ್ಲೂಷನ್ 01’ ಅಂತ ಒಂದು ಕಲಂ ಇದೆ (ಎಕ್ಸ್‌ಕ್ಲೂಷನ್ ಅಂದರೆ ಪಾಲಿಸಿಯಲ್ಲಿ ಕವರ್ ಆಗದ್ದು), ಅದರ ಕೊನೇ ಸಾಲು ಓದಿ. ಅರ್ಜಿ ಹಾಕುವಾಗ ಕಾಯಿಲೆ ತಿಳಿಸಿರಬೇಕು, ಕಂಪನಿ ಒಪ್ಪಿರಬೇಕು, ಆಗ ಮಾತ್ರ ಆ ಅವಧಿ ಮುಗಿದ ಮೇಲೆ ಕವರ್. ತಿಳಿಸದ ಕಾಯಿಲೆಗೆ 36 ತಿಂಗಳಾದರೂ ಒಂದೇ, 40 ಆದರೂ ಒಂದೇ. ಏಜೆಂಟ್ ಈ ಸಾಲನ್ನ ಬಾಯಿ ತಪ್ಪಿಯೂ ಹೇಳಲ್ಲ.

ಇನ್ನು ಕೆಲವರು “ಐದು ವರ್ಷ ಸುಮ್ನಿರಿ, ಮೊರಟೋರಿಯಂ ಆದ್ಮೇಲೆ ಕೇಳೋ ಹಾಗಿಲ್ಲ” ಅಂತಾರೆ. ಪಾಲಿಸಿ ಸತತವಾಗಿ 60 ತಿಂಗಳು ನಡೆದ ಮೇಲೆ ಮುಚ್ಚಿಟ್ಟ ಕಾರಣಕ್ಕೆ ಕ್ಲೇಮ್ ತಳ್ಳೋ ಹಾಗಿಲ್ಲ ಅನ್ನೋದು ನಿಜ. ಆದರೆ ವಂಚನೆ ಸಾಬೀತಾದರೆ ಆ ರಕ್ಷಣೆ ಇಲ್ಲ. ವಿಮೆ ಮೊತ್ತ ಏರಿಸಿಕೊಂಡಿದ್ದರೆ ಏರಿಸಿದ ಭಾಗಕ್ಕೆ ಲೆಕ್ಕ ಹೊಸದಾಗಿ ಶುರು. ಅದಿರಲಿ, ನರರೋಗ ಇರೋರು ಐದು ವರ್ಷ ಆಸ್ಪತ್ರೆ ಮೆಟ್ಟಿಲು ಹತ್ತದೆ ಇರ್ತಾರಾ? ಇನ್ಶೂರೆನ್ಸ್ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ಆದ್ಮೇಲೆ ಪಾಲಿಸಿ ಪ್ರಶ್ನಿಸೋ ಹಾಗಿಲ್ಲ ಅಂತ ಹೇಳೋರೂ ಇದ್ದಾರೆ. ಅದು ಜೀವವಿಮೆಗೆ. ಹೆಲ್ತ್ ಪಾಲಿಸಿಗೆ ಅನ್ವಯವೇ ಆಗಲ್ಲ.

ಸರಿ, ನಿಜ ಬರೆದರೆ ಏನಾಗುತ್ತೆ? ಕೆಲವು ಕಂಪನಿ ಖಂಡಿತ ಬೇಡ ಅಂತಾವೆ. ಕೆಲವು ಪ್ರೀಮಿಯಂ ಏರಿಸಿ ಕೊಡ್ತಾವೆ. ಕೆಲವು ಆ ಕಾಯಿಲೆಯನ್ನ ಶಾಶ್ವತವಾಗಿ ಹೊರಗಿಟ್ಟು ಉಳಿದಿದ್ದಕ್ಕೆ ಪಾಲಿಸಿ ಕೊಡ್ತಾವೆ. 2019ರಲ್ಲಿ ವಿಮಾ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೀಗೆ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿ ಇದೆ: ಮೂರ್ಛೆರೋಗ, ಸ್ಟ್ರೋಕ್, ಅಲ್ಝೈಮರ್ಸ್, ಪಾರ್ಕಿನ್ಸನ್ಸ್, ಜೊತೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಥರದ ನರಕವಚ ಸವೆಯೋ ಕಾಯಿಲೆಗಳು, ಎಲ್ಲವೂ ಅದರಲ್ಲಿವೆ. ನಿಮ್ಮ ಒಪ್ಪಿಗೆ ಪಡೆದೇ ಹೊರಗಿಡಬೇಕು ಅಂತಲೂ ಇದೆ. ಅನ್ಯಾಯ ಅನ್ಸುತ್ತೆ, ನನಗೂ ಅನ್ಸುತ್ತೆ. ಆದರೂ ಅಂಥ ಪಾಲಿಸಿ ಡೆಂಗಿಗೆ, ಅಪೆಂಡಿಕ್ಸಿಗೆ, ಅಪಘಾತಕ್ಕೆ ಆಗುತ್ತೆ. ‘ಇಲ್ಲ’ ಅಂತ ಟಿಕ್ ಹಾಕಿಸಿದ ಪಾಲಿಸಿ ಯಾವುದಕ್ಕೂ ಆಗಲ್ಲ.

ಒಪ್ಪಿಕೊಂಡ ಪಾಲಿಸಿಯಲ್ಲೂ ನರರೋಗದವರಿಗೆ ಕೈಕೊಡೋ ಜಾಗಗಳಿವೆ. ಫಿಟ್ಸಿಗೆ ವಿಡಿಯೋ ಇಇಜಿ (ವಿಡಿಯೋ ಜೊತೆಗೇ ಮಿದುಳಿನ ವಿದ್ಯುತ್ ಅಲೆ ದಾಖಲಿಸೋ ಪರೀಕ್ಷೆ) ಮಾಡಿಸೋಕೆ ಅಡ್ಮಿಟ್ ಆದರೆ ‘ಬರೀ ತಪಾಸಣೆಗೆ ದಾಖಲಾಗಿದ್ದು’ ಅಂತ ಎಕ್ಸ್‌ಕ್ಲೂಷನ್ 04 ತೋರಿಸ್ತಾರೆ. ಮಾತ್ರೆ ನಿಲ್ಲಿಸಿ ನಿಗಾದಲ್ಲಿ ಇಡಬೇಕಾದ್ದರಿಂದ ಅಡ್ಮಿಶನ್ ಬೇಕೇ ಬೇಕು ಅಂತಿದ್ದರೆ ಅದನ್ನ ನ್ಯೂರಾಲಜಿಸ್ಟ್ ಮುಂಚೇನೇ ಬರೆದುಕೊಡಬೇಕು. ಲಕ್ವದ ನಂತರದ ರಿಹ್ಯಾಬ್ ಎಕ್ಸ್‌ಕ್ಲೂಷನ್ 05ಕ್ಕೆ ಹೋಗುತ್ತೆ. ಪಾರ್ಕಿನ್ಸನ್ಸಿನ ಡೀಪ್ ಬ್ರೈನ್ ಸ್ಟಿಮ್ಯುಲೇಶನ್ (ಮೈಯೊಳಗೆ ಯಂತ್ರ ಇಟ್ಟು ಮಿದುಳಿಗೆ ವಿದ್ಯುತ್ ಕೊಡೋ ಚಿಕಿತ್ಸೆ) ಐಆರ್‌ಡಿಎಐ ಹೇಳಿದ 12 ಆಧುನಿಕ ಚಿಕಿತ್ಸೆಗಳಲ್ಲಿ ಒಂದು, ಕೊಡಲ್ಲ ಅನ್ನೋ ಹಾಗಿಲ್ಲ. ಆದರೆ ಮಿತಿ ಹಾಕಬಹುದು, ಹಾಕ್ತಾರೆ. ಆ ಮಿತಿ ಎಷ್ಟು ಅಂತ ಮೊದಲೇ ನೋಡಿ, ಯಂತ್ರದ ಬ್ಯಾಟರಿ ಬದಲಿಸೋ ಖರ್ಚನ್ನೂ ಕೇಳಿ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡೋ ಮೊನೊಕ್ಲೋನಲ್ ಆ್ಯಂಟಿಬಾಡಿ ಇಂಜೆಕ್ಷನ್ ಕೂಡ ಅದೇ ಪಟ್ಟಿಯಲ್ಲಿದೆ. “24 ಗಂಟೆ ದಾಖಲಾಗಿಲ್ಲ, ಇದು ಓಪಿಡಿ” ಅಂದರೆ ಡೇ ಕೇರ್ (24 ಗಂಟೆ ದಾಖಲಾಗದೇ ಆಸ್ಪತ್ರೆಯಲ್ಲಿ ಪಡೆಯೋ ಚಿಕಿತ್ಸೆ) ಅಂತ ವಾದ ಮಾಡಿ, ಬಿಡಬೇಡಿ. ಇನ್ನು ನಿಜವಾದ ಖರ್ಚು, ತಿಂಗಳು ತಿಂಗಳು ತಗೊಳ್ಳೋ ಮಾತ್ರೆ, ಅದು ಸಾಮಾನ್ಯ ಪಾಲಿಸಿಯಲ್ಲಿ ಬರೋದೇ ಇಲ್ಲ.

ಫಾರ್ಮನ್ನ ನೀವೇ ತುಂಬಿ. ಜೊತೆಗೆ ನ್ಯೂರಾಲಜಿಸ್ಟ್ ಹತ್ತಿರ ಒಂದು ಪತ್ರ ಬರೆಸಿ: ಯಾವ ಬಗೆಯ ಫಿಟ್ಸ್, ಕೊನೇ ಸಲ ಬಂದ ತಾರೀಖು, ಮಾತ್ರೆಯ ಹೆಸರು, ಡೋಸು. ಎಂಆರ್‌ಐ, ಇಇಜಿ ವರದಿ ಸೇರಿಸಿ ಈಮೇಲಲ್ಲೇ ಕಳಿಸಿ, ಏಜೆಂಟ್ ಕೈಗೆ ಕೊಟ್ಟರೆ ದಾಖಲೆ ಉಳಿಯಲ್ಲ. ಪಾಲಿಸಿ ಜೊತೆ ಬರೋ ಪ್ರಪೋಸಲ್ ಪ್ರತಿಯನ್ನ ಅವತ್ತೇ ಓದಿ. ತಪ್ಪಿದ್ದರೆ 30 ದಿನದೊಳಗೆ ಪಾಲಿಸಿ ವಾಪಸ್ ಮಾಡಬಹುದು, ಅಲ್ಪಸ್ವಲ್ಪ ಕಳೆದು ದುಡ್ಡು ಬರುತ್ತೆ.

ಆಫೀಸಿನ ಗ್ರೂಪ್ ಪಾಲಿಸಿ ಇದ್ದವರು ಪುಣ್ಯವಂತರು. ಅದರಲ್ಲಿ ಹೆಚ್ಚಾಗಿ ಹಳೇ ಕಾಯಿಲೆ ಮೊದಲ ದಿನದಿಂದಲೇ ಕವರ್. ಕೆಲಸ ಬಿಡೋ ಮುಂಚೆಯೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳೋ ಬಗ್ಗೆ ಬರಹದಲ್ಲಿ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಹಳೇ ಕಾಯಿಲೆ ಅನ್ನೋ ತಕರಾರಿಲ್ಲ. ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷದವರೆಗೆ ಸಿಗುತ್ತೆ, ವೈದ್ಯಕೀಯ ಪರೀಕ್ಷೆಯೂ ಬೇಡ. ಫಿಟ್ಸ್ ಒಂದೇ ಇದ್ದವರಿಗೆ ಅದು ಸಿಗಲ್ಲ. ಅಂಗವಿಕಲತೆ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಇರೋರಿಗೂ ಪಾಲಿಸಿ ಇರಬೇಕು ಅಂತ 2023ರ ಫೆಬ್ರವರಿಯಲ್ಲೇ ಐಆರ್‌ಡಿಎಐ ಕಂಪನಿಗಳಿಗೆ ಹೇಳಿದೆ. ಏಜೆಂಟ್ ಕೇಳಿದರೆ “ಅಂಥದ್ದೊಂದು ಇಲ್ಲವೇ ಇಲ್ಲ” ಅಂತಾನೆ. ಇದೆ. ಕಂಪನಿಗೆ ನೇರ ಬರೆದು ಕೇಳಿ.

ಕ್ಲೇಮ್ ಈಗಾಗಲೇ ತಿರಸ್ಕಾರ ಆಗಿದ್ದರೆ ಯಾವ ಕಲಮಿನ ಪ್ರಕಾರ ಅಂತ ಲಿಖಿತ ಉತ್ತರ ಕೇಳಿ. ಅವರ ಕ್ಲೇಮ್ಸ್ ರಿವ್ಯೂ ಕಮಿಟಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸೋ ಹಾಗಿಲ್ಲ, ಆ ಒಪ್ಪಿಗೆಯನ್ನೂ ಕೇಳಿ. ಏಜೆಂಟ್ ಜೊತೆಗಿನ ವಾಟ್ಸಾಪ್ ಮಾತು ಅಳಿಸಬೇಡಿ. ಫಿಟ್ಸ್ ಇದೆ ಅಂತ ನೀವು ಹೇಳಿದ್ದಕ್ಕೆ ಅದೊಂದೇ ಸಾಕ್ಷಿ ಇರಬಹುದು. ಮೊದಲು ಕಂಪನಿಯ ದೂರು ಅಧಿಕಾರಿಗೆ, ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ಲಿಗೆ ಅಥವಾ 155255ಕ್ಕೆ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆ ದೂರು ವಿಚಾರಿಸಿ ತೀರ್ಮಾನ ಕೊಡೋ ಅಧಿಕಾರಿ. ಕಚೇರಿ ಬೆಂಗಳೂರಲ್ಲೇ ಇದೆ, 50 ಲಕ್ಷದವರೆಗಿನ ದೂರು ತಗೊಳ್ತಾರೆ, ಫೀಸಿಲ್ಲ, ವಕೀಲರೂ ಬೇಡ. ಕಂಪನಿಯ ಕೊನೇ ಉತ್ತರ ಬಂದ ಒಂದು ವರ್ಷದೊಳಗೆ ದೂರು ಹೋಗಬೇಕು. “ಮೇಲಿನವರ ಹತ್ತಿರ ಮಾತಾಡ್ತಿದೀವಿ ಸರ್, ಸ್ವಲ್ಪ ಕಾಯಿರಿ” ಅಂತ ಅವರು ಆ ವರ್ಷವನ್ನೇ ಎಳೀತಾರೆ.